ಸೇತುವೆ ಕಟ್ಟಿ, ಹೊಳೆಯನ್ನು ಕೊಲ್ಲಬೇಡಿ

ಹಳೆಯ ಸೇತುವೆ ಕೆಡವಿ ಹೊಸದು ಕಟ್ಟುವ ಕಾಮಗಾರಿಯ ಟೆಂಡರ್ ಪುಸ್ತಕ ಕೈಗೆ ಸಿಕ್ಕರೆ ಬಿಡಿಸಿ ನೋಡಿ. ಕಾಂಕ್ರೀಟಿನ ದರ್ಜೆ ಅದರಲ್ಲಿರುತ್ತದೆ. ಕಬ್ಬಿಣ ಎಷ್ಟು ಟನ್ ಎಂದಿರುತ್ತದೆ. ಕಂಬದ ಬುಡ ಎಷ್ಟು ಆಳಕ್ಕಿಳಿಯಬೇಕು, ತೊಲೆ ಎಷ್ಟು ದಪ್ಪವಿರಬೇಕು, ಕೆಲಸ ತಡವಾದರೆ ದಂಡ ಎಷ್ಟು, ಎಲ್ಲಕ್ಕೂ ಒಂದೊಂದು ಸಾಲು. ಆ ಸೇತುವೆ ಯಾವ ಹೊಳೆಯನ್ನು ದಾಟಬೇಕೋ ಆ ಹೊಳೆಯ ನೀರಿಗೆ ಮಾತ್ರ ದರಪಟ್ಟಿಯಲ್ಲಿ ಜಾಗವಿರುವುದಿಲ್ಲ. ಅದನ್ನು ಕೆಡಿಸದೆ ಕೆಲಸ ಮುಗಿಸಲು ಇಷ್ಟು ರೂಪಾಯಿ, ಕೆಡಿಸಿದರೆ ಇಷ್ಟು ದಂಡ ಎಂದು ಬರೆಯುವ ಯೋಚನೆ ಯಾವ ಇಂಜಿನಿಯರನಿಗೂ ಬರುವುದಿಲ್ಲ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನೊಯ್ಯಲ್ ನದಿಗೆ ಆಗುತ್ತಿರುವ ಅನ್ಯಾಯದ ಬೇರು ಇಲ್ಲಿದೆ. ಈ ಊರುಗಳು ಬೆಳೆದಿವೆ, ಲಾರಿಗಳು ಹೆಚ್ಚಿವೆ, ತರೈಪಾಲಂ ಎನ್ನುವ ನೆಲಮಟ್ಟದ ಹಳೆಯ ಸೇತುವೆಗಳು ಮಳೆ ಬಂದಾಗ ಮುಳುಗುತ್ತವೆ. ಹೊಸ ಸೇತುವೆ ಬೇಕು, ಅದರಲ್ಲಿ ತಕರಾರಿಲ್ಲ. 2016ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಬಸ್ಸುಗಳ ಸಮೇತ ಕೊಚ್ಚಿಹೋಯಿತು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ಹೊಳೆಯ ಹಳೆಯ ಸೇತುವೆ ಕುಸಿದು, ಮೇಲಿದ್ದ ಲಾರಿ ನೀರಿಗೆ ಬಿತ್ತು. 2025ರ ಜುಲೈನಲ್ಲಿ ಗುಜರಾತಿನ ಗಂಭೀರಾ ಸೇತುವೆ ಮುರಿದು ಜನ ಸತ್ತರು. ಜೀರ್ಣವಾದ ಸೇತುವೆಯನ್ನು ಕೆಡವಲೇಬೇಕು. ಕೆಡವಿದ್ದು ಹೊಳೆಯ ಹೊಟ್ಟೆಗೆ ಏಕೆ ಹೋಗಬೇಕು ಎಂಬುದು ನನ್ನ ಪ್ರಶ್ನೆ. ಕಟ್ಟುವ ಎರಡು ವರ್ಷ ಹೊಳೆ ಏಕೆ ಉಸಿರು ಕಟ್ಟಿಕೊಂಡಿರಬೇಕು ಎಂಬುದು ನನ್ನ ಸಿಟ್ಟು.

ಈ ಪ್ರಶ್ನೆ ಎತ್ತಿದ ಕೂಡಲೇ ಒಂದು ಉತ್ತರ ಸಿದ್ಧವಾಗಿರುತ್ತದೆ: "ನೊಯ್ಯಲ್ ಸತ್ತ ನದಿ ಸಾರ್, ಅಲ್ಲಿ ಕಾಪಾಡೋಕೆ ಏನಿದೆ?" ಈ ಮಾತಿನ ವಿರುದ್ಧವೇ ನಾನು ಬರೆಯುತ್ತಿದ್ದೇನೆ. ಒಮ್ಮೆ ಕೊಂದವರೇ ಸತ್ತಿದೆ ಎಂದು ಸಾರಿ, ಆ ಸಾರಿಕೆಯನ್ನೇ ಮತ್ತೆ ಮತ್ತೆ ಕೊಲ್ಲುವ ಪರವಾನಗಿ ಮಾಡಿಕೊಂಡಿದ್ದಾರೆ.

ಅದು ಸತ್ತದ್ದು ಹೇಗೆಂದು ನೆನಪಿಸಿಕೊಳ್ಳೋಣ. ನೊಯ್ಯಲ್ ಹುಟ್ಟುವುದು ಪಶ್ಚಿಮ ಘಟ್ಟದ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ. ಪೆರಿಯಾರು, ಚಿನ್ನಾರು ಎಂಬ ತೊರೆಗಳು ಸೇರಿ ನದಿಯಾಗಿ, ಚಿತ್ತಿರೈಚಾವಡಿ ಅಣೆಕಟ್ಟು ದಾಟಿ, ಪೇರೂರಿನ ಪಟ್ಟೀಶ್ವರರ್ ದೇವಸ್ಥಾನದ ಬದಿಯಲ್ಲಿ ಹಾದು, ಕೊಯಮತ್ತೂರು ನಗರದ ಅಂಚಿನಲ್ಲಿ ಸಾಗುತ್ತದೆ. ಅಲ್ಲಿಂದ ತಿರುಪ್ಪೂರು, ಈರೋಡು ಜಿಲ್ಲೆಗಳನ್ನು ಹಾದು ಕರೂರು ಜಿಲ್ಲೆಯ ನೊಯ್ಯಲ್ ಎಂಬ ಊರಿನ ಬಳಿ ಕಾವೇರಿಗೆ ಸೇರುತ್ತದೆ. 150 ಕಿಲೋಮೀಟರಿಗೂ ಹೆಚ್ಚಿನ ಹಾದಿ. ಈ ಹಾದಿಯುದ್ದಕ್ಕೂ ಹಳಬರು ಸಾಲು ಸಾಲಾಗಿ ಅಡ್ಡಗಟ್ಟೆಗಳನ್ನು ಕಟ್ಟಿ, ಕಾಲುವೆ ತೋಡಿ, ಕೆರೆಗಳಿಗೆ ನೀರು ತುಂಬಿಸಿದ್ದರು. ಉಕ್ಕಡದ ಪೆರಿಯಕುಳಂ, ವಾಲಾಂಕುಳಂ, ಕುರಿಚ್ಚಿ ಕೆರೆ, ಸಿಂಗಾನಲ್ಲೂರು ಕೆರೆ, ಸೂಲೂರು ಕೆರೆ ಎಲ್ಲವೂ ಈ ಸರಪಳಿಯ ಕೊಂಡಿಗಳು. ಮಳೆ ಕಡಿಮೆಯಾದ ನಾಡು ಬದುಕಲು ಕಲಿತ ಜಾಣ್ಮೆ ಅದು.

ತಿರುಪ್ಪೂರು ಬನಿಯನ್ನಿನ ಊರಾಯಿತು. ದೇಶದಿಂದ ಹೊರಹೋಗುವ ಹೆಣೆದ ಹತ್ತಿಬಟ್ಟೆಯ ಬಹುಪಾಲು ಇಲ್ಲಿಂದಲೇ ಹೋಗುವಂತಾಯಿತು. ಸಾಯಪಟ್ಟರೈ ಎನ್ನುವ ಬಣ್ಣ ಹಾಕುವ ನೂರಾರು ಘಟಕಗಳು ಬಣ್ಣದ ನೀರನ್ನು, ಉಪ್ಪನ್ನು, ಬ್ಲೀಚಿನ ಕಸರನ್ನು ನೊಯ್ಯಲಿಗೆ ಬಿಟ್ಟವು. ಚೆನ್ನಿಮಲೆಯ ಹತ್ತಿರ 1992ರಲ್ಲಿ ಮುಗಿದ ಒರತ್ತುಪಾಳಯಂ ಅಣೆಕಟ್ಟೆಯನ್ನು ರೈತರ ಹೊಲಕ್ಕೆ ನೀರುಣಿಸಲೆಂದು ಕಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಅದು ಬಣ್ಣದ ನೀರಿನ ತೊಟ್ಟಿಯಾಯಿತು. ಬಾವಿಗಳು ಉಪ್ಪಾದವು, ತೆಂಗು ಒಣಗಿತು, ದನ ನೀರಿಗೆ ಮೂತಿಯಿಡಲಿಲ್ಲ. ಅಣೆಕಟ್ಟೆಯಲ್ಲಿ ನೀರು ನಿಲ್ಲಿಸಬೇಡಿ ಎಂದು ಅದೇ ಅಣೆಕಟ್ಟೆಯ ಅಚ್ಚುಕಟ್ಟಿನ ರೈತರು ಕೋರ್ಟಿನ ಮೆಟ್ಟಿಲು ಹತ್ತಿದರು. ತನ್ನ ಹೊಲಕ್ಕೆ ಬರುವ ನೀರನ್ನು ರೈತನೇ ಬೇಡವೆನ್ನುವ ಸ್ಥಿತಿಗೆ ಒಂದು ಸೀಮೆಯನ್ನು ತಂದಿಟ್ಟವರು ಇಂದಿಗೂ ಗೌರವಾನ್ವಿತರಾಗಿ ಓಡಾಡುತ್ತಿದ್ದಾರೆ.

ನೊಯ್ಯಲ್ ಅಚ್ಚುಕಟ್ಟುದಾರರ ಸಂಘ ಹೂಡಿದ ಮೊಕದ್ದಮೆಯಲ್ಲಿ 2006ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್, ಕಾರ್ಖಾನೆಗಳು ಒಂದು ಹನಿ ತ್ಯಾಜ್ಯವನ್ನೂ ಹೊರಬಿಡಬಾರದೆಂದು ಆದೇಶಿಸಿತು. ವ್ಯವಸ್ಥೆ ಮಾಡಿಕೊಳ್ಳುವ ತನಕ ಲೀಟರಿಗೆ ಆರು ಪೈಸೆಯಿಂದ ಹತ್ತು ಪೈಸೆಯವರೆಗೆ ದಂಡ ವಿಧಿಸಿತು. 2009ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಗಲೂ ಮಾತು ನಡೆಯದೆ ಹೋದಾಗ 2011ರ ಜನವರಿ 28ರಂದು ಹೈಕೋರ್ಟ್ ಬಣ್ಣದ ಮತ್ತು ಬ್ಲೀಚಿಂಗ್ ಘಟಕಗಳನ್ನೆಲ್ಲ ಮುಚ್ಚಿಸಿ, ವಿದ್ಯುತ್ ಕಡಿತಗೊಳಿಸಲು ಹೇಳಿತು. ಒಂದು ನದಿಗಾಗಿ ಒಂದು ಉದ್ಯಮವನ್ನೇ ನಿಲ್ಲಿಸಿದ ಆ ಆದೇಶ ಈ ದೇಶದ ಪರಿಸರ ಚರಿತ್ರೆಯಲ್ಲಿ ದೊಡ್ಡದು. ಅದನ್ನು ಗೆದ್ದವರು ಸಾಧಾರಣ ರೈತರು. ನಷ್ಟದ ಲೆಕ್ಕ ಹಾಕಿದ ಪ್ರಾಧಿಕಾರ ಪರಿಹಾರಕ್ಕೆ ಅರ್ಹರೆಂದು ಗುರುತಿಸಿದ ರೈತರೇ ಇಪ್ಪತ್ತೆಂಟು ಸಾವಿರಕ್ಕೂ ಹೆಚ್ಚು. ಇಷ್ಟು ಜನ ಇಷ್ಟು ವರ್ಷ ಬಡಿದಾಡಿ ಉಳಿಸಿಕೊಂಡ ಹೊಳೆಯ ಹಕ್ಕನ್ನು ಈಗ ಸೇತುವೆ ಗುತ್ತಿಗೆದಾರನೊಬ್ಬನ ಹಿಟಾಚಿ ಯಂತ್ರ ಒಂದೇ ಬೇಸಿಗೆಯಲ್ಲಿ ಕಿತ್ತುಕೊಳ್ಳಬಹುದು ಎಂದರೆ ಯಾರು ಸಹಿಸಬೇಕು?

ಸೇತುವೆ ಕೆಲಸ ನಡೆಯುವ ಹೊಳೆಯಲ್ಲಿ ಏನಾಗುತ್ತದೆ ಎಂಬುದನ್ನು ನೋಡದವರಿಗೆ ಹೇಳುತ್ತೇನೆ. ಮೊದಲು ಹಳೆಯ ಸೇತುವೆಯನ್ನು ಬ್ರೇಕರ್ ಹಚ್ಚಿ ಒಡೆಯುತ್ತಾರೆ. ಒಡೆದ ಕಾಂಕ್ರೀಟು, ಇಟ್ಟಿಗೆ, ಡಾಂಬರು ನೇರ ಕೆಳಕ್ಕೆ ಬೀಳುತ್ತದೆ. ಕಬ್ಬಿಣಕ್ಕೆ ಗುಜರಿಯಲ್ಲಿ ಬೆಲೆಯಿದೆ, ಅದನ್ನು ಹೆಕ್ಕಿ ಒಯ್ಯುತ್ತಾರೆ. ಉಳಿದದ್ದು ಹೊಳೆಯ ಪಾಲು. ಆಮೇಲೆ ಯಂತ್ರ ಓಡಾಡಲು ಹೊಳೆಯ ಅಡ್ಡಕ್ಕೆ ನೂರಾರು ಲೋಡು ಮಣ್ಣು ಸುರಿದು ದಾರಿ ಮಾಡುತ್ತಾರೆ. ಅದರಡಿಯಲ್ಲಿ ನಾಲ್ಕೈದು ಹ್ಯೂಂ ಪೈಪು ಹೂತು, ನೀರಿಗೆ ದಾರಿ ಬಿಟ್ಟಿದ್ದೇವೆ ಎನ್ನುತ್ತಾರೆ. ಮೊದಲ ದೊಡ್ಡ ಮಳೆಗೆ ಆ ಮಣ್ಣೇರಿ ಕೊಚ್ಚಿಹೋಗುತ್ತದೆ. ಮತ್ತೆ ಮಣ್ಣು ಸುರಿಯುತ್ತಾರೆ. ಮತ್ತೆ ಕೊಚ್ಚಿಹೋಗುತ್ತದೆ. ಹೋದ ಮಣ್ಣೆಲ್ಲ ಕೆಳಗಿನ ಅಡ್ಡಗಟ್ಟೆಗಳಲ್ಲಿ, ಕಾಲುವೆ ಬಾಯಿಗಳಲ್ಲಿ, ಕೆರೆಗಳಲ್ಲಿ ಹೂಳಾಗಿ ಕೂರುತ್ತದೆ. ಹೂಳೆತ್ತುವ ಕೆಲಸಕ್ಕೆ ಮತ್ತೊಂದು ಇಲಾಖೆ ಮತ್ತೊಂದು ಟೆಂಡರ್ ಕರೆಯುತ್ತದೆ. ಎರಡಕ್ಕೂ ಹಣ ಕಟ್ಟುವವರು ನಾವೇ.

ಕಣ್ಣಿಗೆ ಕಾಣದ ಕೇಡು ಇನ್ನೂ ದೊಡ್ಡದು. ಹಸಿ ಕಾಂಕ್ರೀಟು ತೊಳೆದ ನೀರಿನ ಪಿಎಚ್ ಹನ್ನೆರಡರ ಆಸುಪಾಸಿನಲ್ಲಿರುತ್ತದೆ. ಮೀನು, ಜಲಚರಗಳಿಗೆ ತಕ್ಕ ನೀರಿನ ಪಿಎಚ್ 6.5ರಿಂದ 8.5ರ ಒಳಗಿರಬೇಕೆಂದು ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಹೇಳಿದೆ. ಈ ಅಳತೆಯಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಹಾಗಾಗಿ ಏಳರಿಂದ ಹನ್ನೆರಡಕ್ಕೆ ಏರಿದ ನೀರು ಲಕ್ಷ ಪಟ್ಟು ಕ್ಷಾರವಾಗಿರುತ್ತದೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಮಿಕ್ಸರ್ ಲಾರಿಯ ಡ್ರಮ್ಮನ್ನು ಹೊಳೆಯ ದಡದಲ್ಲಿ ತೊಳೆಯುವವನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ, ಹೇಳಿಕೊಡಬೇಕಾದ ಇಂಜಿನಿಯರು ನೆರಳಲ್ಲಿ ನಿಂತು ನೋಡುತ್ತಾನೆ. ಪೈಲು ಕೊರೆಯುವಾಗ ಗುಂಡಿಯ ಗೋಡೆ ಕುಸಿಯದಿರಲೆಂದು ಬಳಸುವ ಬೆಂಟೊನೈಟ್ ಜೇಡಿಯ ಗಂಜಿಯೂ ನೀರಿಗೇ ಇಳಿಯುತ್ತದೆ. ಅದು ತಳದ ಮರಳು ಕಲ್ಲುಗಳ ಸಂದುಗಳನ್ನು ಮುಚ್ಚಿ, ಹುಳು ಹುಪ್ಪಟೆ, ಮೀನಿನ ಮೊಟ್ಟೆಗಳು ಉಸಿರಾಡುವ ಜಾಗವನ್ನೇ ಅಳಿಸುತ್ತದೆ. ಜನರೇಟರಿನ ಡೀಸೆಲ್, ಯಂತ್ರದ ಆಯಿಲ್ ಬೇರೆ.

ನೊಯ್ಯಲಿನಲ್ಲಿ ಇದರ ಮೇಲೆ ಇನ್ನೊಂದು ಅಪಾಯವಿದೆ. ದಶಕಗಳ ಬಣ್ಣದ ಕಸರು, ಲೋಹಗಳು ಅದರ ತಳದ ಹೂಳಿನಲ್ಲಿ ಕೂತಿವೆ. ಮಿಸುಕದೆ ಬಿಟ್ಟರೆ ಬಹುಪಾಲು ಅಲ್ಲೇ ಇರುತ್ತವೆ. ಕಂಬದ ಬುಡಕ್ಕೆಂದು ಆ ಹೂಳನ್ನು ಬಗೆದು, ಕದಡಿ, ಪಂಪು ಹಚ್ಚಿ ಕೆಳಕ್ಕೆ ಬಿಟ್ಟರೆ ಹಳೆಯ ವಿಷಕ್ಕೆ ಮತ್ತೆ ಜೀವ ಬರುತ್ತದೆ. ಆದ್ದರಿಂದ "ಸತ್ತ ನದಿ" ಎನ್ನುವವರ ವಾದ ತಲೆಕೆಳಗಾಗಿದೆ. ಕೆಟ್ಟುಹೋದ ಹೊಳೆಯಲ್ಲಿ ಕೆಲಸ ಮಾಡುವವನು ಒಳ್ಳೆಯ ಹೊಳೆಯಲ್ಲಿ ಮಾಡುವವನಿಗಿಂತ ಹೆಚ್ಚು ಎಚ್ಚರದಲ್ಲಿರಬೇಕು. ಸುಟ್ಟಗಾಯವಾದ ಮೈಯನ್ನು ಯಾರೂ ಒರಟು ಕೈಯಿಂದ ಉಜ್ಜುವುದಿಲ್ಲ.

ಅದು ನಿಜಕ್ಕೂ ಸತ್ತಿದೆಯೇ? ತಿರುಪ್ಪೂರಿನ ಹೊರವಲಯದಲ್ಲಿ, ನೊಯ್ಯಲಿಗೆ ಸೇರುವ ನಲ್ಲಾರಿನ ಮೇಲೆ ನಂಜರಾಯನ್ ಕೆರೆಯಿದೆ. ನಂಜರಾಯನೆಂಬ ಅರಸ ಅದನ್ನು ಜೀರ್ಣೋದ್ಧಾರ ಮಾಡಿಸಿದನೆಂದು ಹೇಳುತ್ತಾರೆ. ಇದೇ ಕಾರ್ಖಾನೆಗಳ ಊರಿನ ಕೆರೆ ಅದು. 2022ರಲ್ಲಿ ಅದು ಪಕ್ಷಿಧಾಮವಾಯಿತು, 2024ರ ಆಗಸ್ಟ್‌ನಲ್ಲಿ ರಾಮ್ಸರ್ ತಾಣವಾಯಿತು. ಕೊಯಮತ್ತೂರಿನ ಸಿಂಗಾನಲ್ಲೂರು ಕೆರೆಯನ್ನು ನಗರಪಾಲಿಕೆಯೇ 2017ರಲ್ಲಿ ನಗರ ಜೀವವೈವಿಧ್ಯ ವಲಯವೆಂದು ಘೋಷಿಸಿತು. ಹಕ್ಕಿಗಳು ಈ ನೀರನ್ನು ನಂಬಿ ಇನ್ನೂ ಬರುತ್ತಿವೆ. ಸಿರುತುಳಿಯಂಥ ಸಂಸ್ಥೆಗಳು ಇಪ್ಪತ್ತು ವರ್ಷಗಳಿಂದ ಕೆರೆಗಳ ಹೂಳೆತ್ತಿ, ಮರ ನೆಟ್ಟು ದುಡಿದಿವೆ. ತಮಿಳುನಾಡು ಸರ್ಕಾರವೇ ಕಾವೇರಿಯನ್ನೂ ಅದರ ಉಪನದಿಗಳನ್ನೂ ಚೊಕ್ಕ ಮಾಡಲು "ನಡಂದಾಯ್ ವಾಳಿ ಕಾವೇರಿ" ಎಂಬ 11,250 ಕೋಟಿ ರೂಪಾಯಿಯ ಯೋಜನೆ ಹಾಕಿಕೊಂಡಿದೆ, ನೊಯ್ಯಲೂ ಅದರಲ್ಲಿ ಸೇರಿದೆ. ಒಂದು ಇಲಾಖೆ ಸಾವಿರಾರು ಕೋಟಿಯಲ್ಲಿ ಬದುಕಿಸಹೊರಟ ನದಿಯನ್ನು ಇನ್ನೊಂದು ಇಲಾಖೆ ಸತ್ತಿದೆ ಎಂದು ಬಗೆದು ಮಣ್ಣು ಸುರಿಯುವುದು ಆಡಳಿತವಲ್ಲ, ಅಪರಾಧ.

ಕಾನೂನಿಲ್ಲವೇ ಎಂದು ಕೇಳಬಹುದು. 1974ರ ಜಲ ಕಾಯ್ದೆಯ 24ನೇ ಕಲಂ ಓದಿ. ಹೊಳೆಗೆ ವಿಷವನ್ನು, ಮಲಿನ ವಸ್ತುವನ್ನು ತಿಳಿದೂ ಬಿಡುವಂತಿಲ್ಲ. ನೀರಿನ ಸಹಜ ಹರಿವಿಗೆ ತಡೆಯೊಡ್ಡಿ ಮಾಲಿನ್ಯ ಉಲ್ಬಣಿಸುವಂಥ ವಸ್ತುವನ್ನೂ ಹಾಕುವಂತಿಲ್ಲ. ಅದೇ ಕಲಮಿನ ಎರಡನೇ ಉಪಕಲಮಿನಲ್ಲಿ ಒಂದು ವಿನಾಯಿತಿಯಿದೆ: ಹೊಳೆಯ ಮೇಲೆ, ದಡದಲ್ಲಿ ಅಥವಾ ಪಾತ್ರದಲ್ಲಿ ತನಗೆ ಹಕ್ಕಿರುವ ಸೇತುವೆ ಮೊದಲಾದ ಕಾಯಂ ಕಟ್ಟಡ ಕಟ್ಟಿದ್ದಷ್ಟೇ ಕಾರಣಕ್ಕೆ ಒಬ್ಬ ಅಪರಾಧಿಯಾಗುವುದಿಲ್ಲ. ಈ ವಿನಾಯಿತಿಯ ನೆರಳಿನಲ್ಲಿ ಎಲ್ಲರೂ ಅಡಗಿ ಕೂತಿದ್ದಾರೆ. ಆದರೆ ಕಾನೂನು ಹೇಳಿರುವುದು ಕಟ್ಟಿದ್ದಷ್ಟೇ ಕಾರಣಕ್ಕೆ ಎಂದು. ಕಾಂಕ್ರೀಟು ತೊಳೆದ ನೀರು ಬಿಟ್ಟದ್ದಕ್ಕೆ, ಒಡೆದ ಅವಶೇಷ ಎಸೆದದ್ದಕ್ಕೆ, ಹರಿವಿನ ಬಾಯಿ ಮುಚ್ಚಿದ್ದಕ್ಕೆ ಅದು ಕ್ಷಮೆ ಕೊಟ್ಟಿಲ್ಲ. ದಡಕ್ಕೆ ಸುರಿಯುವ ಸಾಮಗ್ರಿಯ ವಿಷಯದಲ್ಲೂ ಅದು ನೀರು ಕೆಡಿಸುವಂಥದ್ದಾಗಿರಬಾರದು ಎಂದು ಅದೇ ಉಪಕಲಂ ಷರತ್ತು ಹಾಕುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ಈ ವ್ಯತ್ಯಾಸ ಓದಿ ಒಂದು ನೋಟಿಸ್ ಕಳಿಸಿದರೆ ಸಾಕು, ಗುತ್ತಿಗೆದಾರರ ಬೆನ್ನು ನೆಟ್ಟಗಾಗುತ್ತದೆ. ಬಣ್ಣದ ಕಾರ್ಖಾನೆಯ ಪೈಪಿನ ಬಾಯಲ್ಲಿ ಮಾದರಿ ಸಂಗ್ರಹಿಸುವ ಮಂಡಳಿಗೆ ಸರ್ಕಾರಿ ಸೇತುವೆಯ ಕೆಳಗೆ ಬಾಟಲಿ ಹಿಡಿದು ನಿಲ್ಲುವ ಧೈರ್ಯ ಏಕಿಲ್ಲ?

2016ರ ಮಾರ್ಚ್‌ನಲ್ಲಿ ಕಟ್ಟಡ ಅವಶೇಷಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಗಳು ಬಂದವು. ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್‌ಗಿಂತ ಹೆಚ್ಚು ಅವಶೇಷ ಹುಟ್ಟಿಸುವವರು ಅದನ್ನು ಬೇರ್ಪಡಿಸಿ, ಎಲ್ಲಿಗೆ ಒಯ್ಯುತ್ತೇವೆಂದು ಮೊದಲೇ ಯೋಜನೆ ಒಪ್ಪಿಸಬೇಕೆಂದು ಹೇಳಿದವು. ಒಂದು ಸಾಧಾರಣ ಸೇತುವೆಯನ್ನು ಕೆಡವಿದರೂ ಈ ಮಿತಿ ದಾಟುತ್ತದೆ. ಕೇಂದ್ರ ಹೆದ್ದಾರಿ ಸಚಿವಾಲಯದ ರಸ್ತೆ ಸೇತುವೆ ಕಾಮಗಾರಿಗಳ ಮಾನದಂಡ ಪುಸ್ತಕವಿದೆ, ಪ್ರತಿ ಇಂಜಿನಿಯರ ಮೇಜಿನ ಮೇಲೂ ಇರುವಂಥದ್ದು. ಅದರ 111ನೇ ವಿಧಿ ಪರಿಸರ ರಕ್ಷಣೆಯ ಮುನ್ನೆಚ್ಚರಿಕೆಗಳದ್ದು. 306ನೇ ವಿಧಿ ಮಣ್ಣಿನ ಸವಕಳಿ ಮತ್ತು ಹೂಳು ತಡೆಯುವುದಕ್ಕೇ ಮೀಸಲು. ಎಲ್ಲವೂ ಬರೆದಿದೆ. ಆದರೆ ಅದನ್ನು ಪಾಲಿಸುವ ಖರ್ಚು ಒಟ್ಟು ದರದಲ್ಲೇ ಸೇರಿದೆ ಎಂದು ಕೈತೊಳೆದುಕೊಳ್ಳುವುದು ರೂಢಿ. ಪ್ರತ್ಯೇಕ ಹಣವಿಲ್ಲದ ಕೆಲಸವನ್ನು ಗುತ್ತಿಗೆದಾರ ಮಾಡುವುದಿಲ್ಲ, ಅಳತೆ ಪುಸ್ತಕದಲ್ಲಿ ಇಲ್ಲದ್ದನ್ನು ಇಂಜಿನಿಯರು ಕೇಳುವುದಿಲ್ಲ. ತಮಿಳುನಾಡಿನ 1998ರ ಟೆಂಡರ್ ಪಾರದರ್ಶಕತೆ ಕಾಯ್ದೆ, ನಮ್ಮ ಕರ್ನಾಟಕದ 1999ರ ಕಾಯ್ದೆ ಸರ್ಕಾರದ ಹಣ ಸೋರದಂತೆ ಕಾಯಲು ಹುಟ್ಟಿದವು. ಹೊಳೆಯನ್ನು ಕಾಯುವ ಸಾಲನ್ನು ಟೆಂಡರಿನಲ್ಲಿ ಕಡ್ಡಾಯ ಮಾಡುವ ಕಾಯ್ದೆಗೆ ಎರಡೂ ರಾಜ್ಯಗಳು ಇನ್ನೂ ಕೈ ಹಾಕಿಲ್ಲ.

ಕಾಲದ ಪ್ರಜ್ಞೆಯೂ ಇಲ್ಲ. ನೊಯ್ಯಲಿನ ಮೇಲ್ದಂಡೆಗೆ ಜೂನಿನಿಂದ ನೈಋತ್ಯ ಮುಂಗಾರು ನೀರು ತರುತ್ತದೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಹಿಂಗಾರು ಇಡೀ ಕಣಿವೆಯನ್ನು ತೋಯಿಸುತ್ತದೆ. ಹೊಳೆಯ ಪಾತ್ರಕ್ಕೆ ಯಂತ್ರ ಇಳಿಸಲು ಸರಿಯಾದ ಕಾಲ ಜನವರಿಯಿಂದ ಮೇವರೆಗಿನ ಐದು ತಿಂಗಳು. ಇದು ಪೇರೂರಿನ ಯಾವ ರೈತನನ್ನು ಕೇಳಿದರೂ ಗೊತ್ತಾಗುವ ಸಂಗತಿ. ನಮ್ಮ ಸರ್ಕಾರಗಳ ಕ್ಯಾಲೆಂಡರು ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಮಂಜೂರಾತಿ, ಟೆಂಡರು, ಒಪ್ಪಂದ ಎಂದು ಬೇಸಿಗೆಯೆಲ್ಲ ಕಡತದಲ್ಲಿ ಕಳೆದು, ಆಕಾಶ ಕಪ್ಪಾಗುವ ಹೊತ್ತಿಗೆ ಕಾರ್ಯಾದೇಶ ಕೈಗೆ ಬರುತ್ತದೆ. ಮಳೆಗಾಲದಲ್ಲೇ ಮಣ್ಣೇರಿ ಹಾಕುತ್ತಾರೆ. ಅಮೆರಿಕದ ಆರೆಗಾನ್, ವಾಷಿಂಗ್ಟನ್ ರಾಜ್ಯಗಳಲ್ಲಿ ಸಾಲ್ಮನ್ ಮೀನು ಮೊಟ್ಟೆಯಿಡುವ, ಮರಿ ಬೆಳೆಯುವ ಕಾಲ ನೋಡಿ, ಯಾವ ಹೊಳೆಯಲ್ಲಿ ಯಾವ ವಾರಗಳಲ್ಲಿ ಮಾತ್ರ ನೀರಿಗಿಳಿದು ಕೆಲಸ ಮಾಡಬಹುದು ಎಂಬ ಪಟ್ಟಿಯನ್ನೇ ಇಟ್ಟುಕೊಂಡಿದ್ದಾರೆ. ಅಲ್ಲಿ ಮೀನಿನ ಪಂಚಾಂಗಕ್ಕೆ ಗುತ್ತಿಗೆದಾರ ತಲೆಬಾಗುತ್ತಾನೆ. ಇಲ್ಲಿ ಮಳೆಯ ಪಂಚಾಂಗಕ್ಕೂ ಬೆಲೆಯಿಲ್ಲ.

ಇದರ ಬೆಲೆ ಕೇವಲ ಮೀನು ತೆರುವುದಿಲ್ಲ. ತಿರುಪ್ಪೂರಿನೊಳಗೆ ಜಮ್ಮನೈ ಓಡೈ, ಸಂಗಿಲಿಪಳ್ಳಂ ಎಂಬ ಹಳ್ಳಗಳು ನೊಯ್ಯಲಿಗೆ ಸೇರುತ್ತವೆ. 2011ರ ನವೆಂಬರ್‌ನಲ್ಲಿ ಒಂದೇ ರಾತ್ರಿಯ ಮಳೆಗೆ ಈ ಹಳ್ಳಗಳು ಉಕ್ಕಿ, ದಡದ ಗುಡಿಸಲುಗಳನ್ನೂ ಅಲ್ಲಿ ಮಲಗಿದ್ದ ಬಡವರನ್ನೂ ಎಳೆದೊಯ್ದವು. ಪಾತ್ರವನ್ನು ಕಿರಿದು ಮಾಡುತ್ತ ಹೋದ ಊರಿಗೆ ನೀರು ಕೊಟ್ಟ ಉತ್ತರ ಅದು. ಅಂಥ ಊರಿನಲ್ಲಿ ಹೊಳೆಗೆ ಅಡ್ಡಲಾಗಿ ಒಂದು ಲೋಡು ಮಣ್ಣನ್ನು ಹಿಂಗಾರಿನ ಹೊತ್ತಿಗೆ ಬಿಟ್ಟುಹೋಗುವವನು ಯಾರದೋ ಮನೆಯ ಮಕ್ಕಳ ಪ್ರಾಣದ ಜೊತೆ ಜೂಜಾಡುತ್ತಾನೆ. ಕೆಲಸ ಮುಗಿದ ಮೇಲೂ ಅರ್ಧ ಮಣ್ಣೇರಿ, ಹಳೆಯ ಕಂಬಗಳ ಮೋಟು, ಒಡೆದ ಸ್ಲ್ಯಾಬು ಪಾತ್ರದಲ್ಲೇ ಉಳಿಯುವುದನ್ನು ಯಾವ ನಾಡಿನಲ್ಲಿ ನೋಡಿಲ್ಲ? ಉದ್ಘಾಟನೆಗೆ ಬಂದ ಮಂತ್ರಿ ಮೇಲಿನ ಡಾಂಬರನ್ನು ನೋಡುತ್ತಾರೆ. ಯಾರೂ ಬಗ್ಗಿ ಕೆಳಗೆ ನೋಡುವುದಿಲ್ಲ.

ಅಧಿಕಾರಸ್ಥರ ಈ ಉದಾಸೀನಕ್ಕೆ ಇತಿಹಾಸವಿದೆ. 2017ರ ಸೆಪ್ಟೆಂಬರ್‌ನಲ್ಲಿ ಕೊಯಮತ್ತೂರಿನ ಬಳಿ ನೊಯ್ಯಲ್ ನೊರೆ ಕಟ್ಟಿ ಹರಿದಾಗ, ಅಂದಿನ ಪರಿಸರ ಸಚಿವ ಕೆ.ಸಿ. ಕರುಪ್ಪಣ್ಣನ್ ಅದಕ್ಕೆ ಜನ ಸ್ನಾನಕ್ಕೆ ಬಳಸುವ ಸೋಪು ಕಾರಣ ಎಂದರು. ಪರಿಸರ ಖಾತೆ ಹೊತ್ತವರೇ ನದಿಯ ನೋವನ್ನು ಹೀಗೆ ತಳ್ಳಿಹಾಕಿದರೆ ಹೆದ್ದಾರಿ ಇಲಾಖೆಯ ಸಹಾಯಕ ಇಂಜಿನಿಯರ್ ಏಕೆ ತಲೆಕೆಡಿಸಿಕೊಂಡಾನು?

ಕನ್ನಡದಲ್ಲಿ ಇದನ್ನೇಕೆ ಬರೆಯಬೇಕು ಎನ್ನುವವರಿಗೂ ಉತ್ತರವಿದೆ. ಕೊಯಮತ್ತೂರು ಸೀಮೆಯಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗ ನೇಕಾರರು, ಒಕ್ಕಲಿಗ ರೈತರು ತಲೆಮಾರುಗಳಿಂದ ಬದುಕಿದ್ದಾರೆ. ಈ ನೆಲ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ನಮ್ಮ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಎಲ್ಲಕ್ಕಿಂತ ಮಿಗಿಲಾಗಿ, ನೊಯ್ಯಲ್ ಹೋಗಿ ಸೇರುವುದು ತಲಕಾವೇರಿಯಿಂದ ಹೊರಟ ನೀರಿಗೆ. ಆ ಕಾವೇರಿಗಾಗಿ ಎರಡೂ ರಾಜ್ಯಗಳು ನೂರು ವರ್ಷ ಕಾದಾಡಿವೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75 ಟಿಎಂಸಿ ಎಂದು ದಶಮಾಂಶದವರೆಗೆ ಹಂಚಿತು. ಹನಿ ಹನಿಗೂ ರಸ್ತೆಗಿಳಿಯುವ ನಾವು ಆ ಹನಿಯೊಳಗೆ ಏನಿದೆ ಎಂದು ಕೇಳಲು ಒಂದು ದಿನವೂ ಬಂದ್ ಮಾಡಿಲ್ಲ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಅರ್ಕಾವತಿಯ ಮೂಲಕ ಅದೇ ಕಾವೇರಿಗೆ ಇಳಿಯುತ್ತದೆ. ಅದರ ವಿರುದ್ಧ ತಮಿಳುನಾಡು 2015ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ಹೋದದ್ದು ನ್ಯಾಯವೇ. ಅದೇ ತಮಿಳುನಾಡು ತನ್ನ ನೊಯ್ಯಲಿನ ಸೇತುವೆಗಳ ಕೆಳಗೆ ಏನು ಬೀಳುತ್ತಿದೆ ಎಂದು ನೋಡಲಿ. ನಾವು ನಮ್ಮ ವೃಷಭಾವತಿಯನ್ನು ನೋಡಿಕೊಳ್ಳೋಣ. ತಿರುಚ್ಚಿ, ತಂಜಾವೂರಿನ ರೈತನಿಗೆ ವಿಷ ಯಾವ ರಾಜ್ಯದ್ದು ಎಂಬುದು ಮುಖ್ಯವಲ್ಲ.

ಹೊಳೆಯ ಲೆಕ್ಕ ಇಡದವರ ಸೇತುವೆಯೂ ಉಳಿಯುವುದಿಲ್ಲ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಮೂಲರಪಟ್ನದಲ್ಲಿ ಫಲ್ಗುಣಿಯ ಸೇತುವೆ ಮುರಿದುಬಿತ್ತು. ಮರಳು ಬಗೆದು ಬಗೆದು ಕಂಬದ ಬುಡ ಬರಿದಾಗಿತ್ತೆಂದು ಊರವರು ದೂರಿದರು. ಇತ್ತ ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಲ್ಲುಕಂಬಗಳ ಮೇಲೆ ನಿಲ್ಲಿಸಿದ ವೆಲ್ಲೆಸ್ಲಿ ಸೇತುವೆ ಎರಡು ಶತಮಾನಗಳ ಕಾವೇರಿಯ ಪ್ರವಾಹಗಳನ್ನು ಕಂಡಿದೆ. ಅವರ ಬಳಿ ಕಂಪ್ಯೂಟರ್ ಇರಲಿಲ್ಲ. ನದಿಗೆ ಹಾದುಹೋಗಲು ಜಾಗ ಬೇಕೆಂಬ ತಿಳಿವಳಿಕೆ ಇತ್ತು.

ಹಾಗಾದರೆ ಏನು ಮಾಡಬೇಕು? ಹೊಸ ಆವಿಷ್ಕಾರ ಬೇಕಿಲ್ಲ. ಪ್ರತಿ ಸೇತುವೆಯ ದರಪಟ್ಟಿಯಲ್ಲಿ ಹೊಳೆಯ ರಕ್ಷಣೆಗೆ ಪ್ರತ್ಯೇಕ ಸಾಲುಗಳಿರಲಿ, ಮಾಡಿದ ಕೆಲಸಕ್ಕೆ ಹಣ ಕೊಡಿ, ಮಾಡದಿದ್ದರೆ ಕಾಂಕ್ರೀಟು ಸೋತಾಗ ಹಾಕುವಷ್ಟೇ ದಂಡ ಹಾಕಿ. ಪಾತ್ರದೊಳಗಿನ ಕೆಲಸ ಜನವರಿಯಿಂದ ಮೇ ತಿಂಗಳೊಳಗೆ ಮಾತ್ರ. ತಾತ್ಕಾಲಿಕ ದಾರಿಗೆ ಮಣ್ಣಿನ ಬದಲು ಉಕ್ಕಿನ ತೊಲೆಗಳ ಸೇತುವೆ ಬಳಸಿ. ಮಣ್ಣು ಹಾಕಲೇಬೇಕಾದರೆ ಅದು ಮೇ ಮುಗಿಯುವ ಮೊದಲು ಕೊನೆಯ ಬುಟ್ಟಿಯವರೆಗೆ ಹೊರಬರಲಿ. ಹಳೆಯ ಸೇತುವೆಯನ್ನು ಒಡೆದು ಬೀಳಿಸುವ ಬದಲು ಕತ್ತರಿಸಿ, ಕ್ರೇನಿನಿಂದ ಎತ್ತಿ ಒಯ್ಯಿರಿ. ಹಳೆಯ ಸೇತುವೆಯಲ್ಲಿ ಎಷ್ಟು ಘನ ಮೀಟರ್ ಕಾಂಕ್ರೀಟಿತ್ತು ಎಂಬುದು ಅಳೆದರೆ ಗೊತ್ತಾಗುತ್ತದೆ. ಅಷ್ಟು ತೂಕದ ಅವಶೇಷ ಲಾರಿ ತೂಗುವ ವೇಬ್ರಿಜ್ಜಿನ ಚೀಟಿಗಳಲ್ಲಿ ಕಾಣಬೇಕು. ಕಾಣದೆ ಹೋದದ್ದು ಹೊಳೆಯಲ್ಲಿದೆ ಎಂದೇ ತಿಳಿಯಿರಿ. ಕಾಂಕ್ರೀಟು ತೊಳೆಯಲು ದಡದಿಂದ ದೂರದಲ್ಲಿ ಹಾಸು ಹಾಕಿದ ಗುಂಡಿಯಿರಲಿ. ಪಾಯದಿಂದ ಪಂಪು ಮಾಡಿದ ನೀರು ತಿಳಿಯಾಗಿಸುವ ತೊಟ್ಟಿಯನ್ನು ದಾಟಿಯೇ ಹೊಳೆಗೆ ಸೇರಲಿ. ನೊಯ್ಯಲಿನ ತಳದ ಹೂಳನ್ನು ಮೊದಲು ಪರೀಕ್ಷಿಸಿ, ವಿಷವಿದ್ದರೆ ಅಪಾಯಕಾರಿ ತ್ಯಾಜ್ಯದಂತೆ ಸಾಗಿಸಿ. ಕಾಮಗಾರಿಯ ಮೇಲುಗಡೆ ಮತ್ತು ಕೆಳಗಡೆ ದಿನವೂ ನೀರಿನ ಕಲಕು ಮತ್ತು ಪಿಎಚ್ ಅಳೆದು, ಸೇತುವೆಯ ಎರಡೂ ತುದಿಯಲ್ಲಿ ದಾರಿಹೋಕರು ಓದುವಂತೆ ಫಲಕದಲ್ಲಿ ಬರೆಯಿರಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಗುತ್ತಿಗೆದಾರನ ಅಂತಿಮ ಬಿಲ್ಲು, ಅವನ ಠೇವಣಿ ಎರಡೂ ಪಾತ್ರ ಮೊದಲಿನ ಮಟ್ಟಕ್ಕೆ ಬರುವ ತನಕ ನಿಲ್ಲಲಿ. ಬಂದಿದೆ ಎಂದು ಇಂಜಿನಿಯರ್ ಒಬ್ಬನೇ ಸಹಿ ಹಾಕಿದರೆ ಸಾಲದು. ಕೆಳದಂಡೆಯ ರೈತರ ಸಂಘದ, ಊರಿನ ಸಭೆಯ ಸಹಿಯೂ ಬೀಳಲಿ. ನೊಯ್ಯಲಿನ ನೀರು ಎಂಥದೆಂದು ಒರತ್ತುಪಾಳಯದ ಕೆಳಗಿನ ರೈತನಿಗಿಂತ ಚೆನ್ನಾಗಿ ಬಲ್ಲವರು ಯಾವ ಕಚೇರಿಯಲ್ಲೂ ಇಲ್ಲ.

ಇದಕ್ಕೆಲ್ಲ ಖರ್ಚಾಗುತ್ತದೆ ಎನ್ನುತ್ತಾರೆ. ಆಗಲಿ. ಆ ಖರ್ಚು ಈಗಲೂ ಆಗುತ್ತಿದೆ. ಹೂಳು ತುಂಬಿದ ಕೆರೆಯಲ್ಲಿ, ಉಪ್ಪಾದ ಬಾವಿಯಲ್ಲಿ, ಕೊಚ್ಚಿಹೋದ ಗುಡಿಸಲಿನಲ್ಲಿ ಬಡವರು ಅದನ್ನು ರಸೀದಿಯಿಲ್ಲದೆ ಕಟ್ಟುತ್ತಿದ್ದಾರೆ. ಅದನ್ನು ಟೆಂಡರಿನೊಳಕ್ಕೆ ತನ್ನಿ, ಕೇಡು ಮಾಡುವವನ ಜೇಬಿನಿಂದ ಕಟ್ಟಿಸಿ.

1932ರ ಜನವರಿಯಲ್ಲಿ ಇದೇ ನೊಯ್ಯಲ್ ದಡದ ತಿರುಪ್ಪೂರಿನಲ್ಲಿ ಸ್ವಾತಂತ್ರ್ಯ ಹೋರಾಟದ ಬಾವುಟ ಹಿಡಿದ ಕುಮಾರನ್ ಎಂಬ ಯುವಕ ಪೊಲೀಸರ ಲಾಠಿಗೆ ಬಿದ್ದು ಪ್ರಾಣ ಬಿಟ್ಟ. ಅವನ ಹೆಸರನ್ನು ರಸ್ತೆಗಳಿಗೆ ಇಟ್ಟಿದ್ದೇವೆ. ಹೊಳೆಯ ಹಕ್ಕು ಕೇಳಲು ಇಂದು ಯಾರೂ ಪ್ರಾಣ ಕೊಡಬೇಕಾಗಿಲ್ಲ. ಮಾಹಿತಿ ಹಕ್ಕಿನ ಒಂದು ಅರ್ಜಿ ಬರೆದು, ನಿಮ್ಮೂರ ಸೇತುವೆಯ ದರಪಟ್ಟಿ ತರಿಸಿ. ಹೊಳೆಗೆ ಅದರಲ್ಲಿ ಸಾಲಿಲ್ಲದಿದ್ದರೆ ಕೆಲಸ ಶುರುವಾಗಲು ಬಿಡಬೇಡಿ. ತಿರುಪ್ಪೂರಾಗಲಿ, ಕೊಯಮತ್ತೂರಾಗಲಿ, ಬಂಟ್ವಾಳವಾಗಲಿ, ಕೊಳ್ಳೇಗಾಲವಾಗಲಿ, ಮೊದಲ ಲೋಡು ಮಣ್ಣು ಬೀಳುವ ಮುನ್ನವೇ ದಡಕ್ಕೆ ಹೋಗಿ ಅಡ್ಡ ನಿಲ್ಲಿ.